ಗಾಲ್ಫ್ ಆಟದಲ್ಲಿ 50-60 ಯಾರ್ಡ್‌ಗೆ ವೆಡ್ಜ್ ಕೈಕೊಡುತ್ತಿದೆ: ಒಂದು ಶಾಟ್ ಮುಂಚೆಯೇ ಬೀಳುತ್ತದೆ, ಇನ್ನೊಂದು ಗ್ರೀನ್ ದಾಟುತ್ತದೆ

ಬೆಳಗಿನಾಟ:
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟುಹೋಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ದೂರಕ್ಕೆ ಹೊಡೆಯುವ ಡ್ರೈವರ್ ಕ್ಲಬ್ ಚೆನ್ನಾಗಿ ಹೋಗುತ್ತದೆ. ಐರನ್‌ಗಳೂ ಪರವಾಗಿಲ್ಲ. ಪಿನ್‌ಗೆ (ಹೋಲ್‌ನ ಬಾವುಟಕ್ಕೆ) 50-60 ಯಾರ್ಡ್ ಉಳಿದು, ಹತ್ತಿರದ ಹೊಡೆತದ ಕ್ಲಬ್ ಆದ ವೆಡ್ಜ್ ಹಿಡಿದಾಗ ಶುರುವಾಗುತ್ತದೆ ಗೋಳು. ಒಂದು ಸಲ ಚೆಂಡು ಗ್ರೀನ್‌ಗಿಂತ (ಹೋಲ್ ಇರುವ ನುಣುಪು ಹುಲ್ಲಿನ ಜಾಗ) 15 ಯಾರ್ಡ್ ಮುಂಚೆಯೇ ಬೀಳುತ್ತದೆ. ಮುಂದಿನ ಹೋಲ್‌ನಲ್ಲಿ ಅದೇ ದೂರ, ಅದೇ ವೆಡ್ಜ್, ಅದೇ ಸ್ವಿಂಗ್. ಆದರೆ ಚೆಂಡು ಗ್ರೀನ್ ದಾಟಿ ಹಿಂದಿನ ಹುಲ್ಲಿಗೆ ಹೋಗಿರುತ್ತದೆ. ಅಭ್ಯಾಸದ ರೇಂಜ್‌ನಲ್ಲಿ ಮಾತ್ರ ಎಲ್ಲವೂ ಒಂದರ ಪಕ್ಕ ಒಂದು ಬೀಳುತ್ತವೆ! ಸ್ವಿಂಗ್ ಚಿಕ್ಕದು ಮಾಡಿ ನೋಡಿದೆ, ನಿಧಾನ ಮಾಡಿಯೂ ನೋಡಿದೆ. ಇನ್ನೂ ಹದಗೆಟ್ಟಿತು. ದಯವಿಟ್ಟು ದಾರಿ ಹೇಳಿ. ಪ್ರಾಕ್ಟೀಸ್ ಮಾಡಿ ಅಂತ ಮಾತ್ರ ಹೇಳಬೇಡಿ, ಬಿಡದೆ ಮಾಡುತ್ತಿದ್ದೇನೆ.

ಹಳೇಕಬ್ಬಿಣ:
ವೆಡ್ಜ್‌ನ ಬೌನ್ಸ್ ಎಷ್ಟು, ಅಂದರೆ ಅದರ ತಳ ಮುಂದಿನ ಅಂಚಿಗಿಂತ ಎಷ್ಟು ಡಿಗ್ರಿ ಕೆಳಕ್ಕೆ ಉಬ್ಬಿದೆ? ನೀವು ಹೇಳಿದ ಲಕ್ಷಣಕ್ಕೆ ಮೊದಲು ನೋಡಬೇಕಾದದ್ದು ಅದನ್ನೇ. ನೆಲ ಗಟ್ಟಿ ಇದ್ದು ಬೌನ್ಸ್ ಜಾಸ್ತಿ ಇದ್ದರೆ ಕ್ಲಬ್‌ನ ತಳ ನೆಲಕ್ಕೆ ತಾಗಿ ಪುಟಿಯುತ್ತದೆ. ಮುಂದಿನ ಅಂಚು ಚೆಂಡಿನ ಹೊಟ್ಟೆಗೆ ಬಡಿಯುತ್ತದೆ, ಚೆಂಡು ಗ್ರೀನ್ ದಾಟುತ್ತದೆ. ಮೆತ್ತನೆ ನೆಲದಲ್ಲಿ ಬೌನ್ಸ್ ಕಮ್ಮಿ ಇದ್ದರೆ ಅಂಚು ಮಣ್ಣಿಗೆ ಅಗೆಯುತ್ತದೆ, ಆಗ ಶಾಟ್ ಚಿಕ್ಕದಾಗುತ್ತದೆ.

ಗಡಿಯಾರದಮುಳ್ಳು:
ಬೌನ್ಸ್ ಆಮೇಲೆ ನೋಡೋಣ. ನಿಮಗೆ ಬೇಕಿರುವುದು ಒಂದು ಅಳತೆ. ಬಲಗೈ ಆಟಗಾರರಾದರೆ ನಿಮ್ಮ ಎಡಗೈಯನ್ನು ಗಡಿಯಾರದ ಮುಳ್ಳು ಅಂದುಕೊಳ್ಳಿ. ಬ್ಯಾಕ್‌ಸ್ವಿಂಗ್ ಏಳೂವರೆಗೆ ನಿಲ್ಲಿಸಿದರೆ ಒಂದು ದೂರ, ಒಂಬತ್ತಕ್ಕೆ ಇನ್ನೊಂದು, ಹತ್ತೂವರೆಗೆ ಮತ್ತೊಂದು. ಮೂರಕ್ಕೂ ತಾಳ ಒಂದೇ ಇರಬೇಕು, ಫಾಲೋ ಥ್ರೂ ಪೂರ್ತಿ ಇರಬೇಕು. ಚೆಂಡು ಗಾಳಿಯಲ್ಲಿ ಹೋದ ದೂರವನ್ನು, ಅಂದರೆ ಕ್ಯಾರಿಯನ್ನು, ಬರೆದಿಟ್ಟುಕೊಳ್ಳಿ. ಮೂರು ವೆಡ್ಜ್ ಇದ್ದರೆ ಒಂಬತ್ತು ದೂರ ಸಿಕ್ಕಿತು. ಕೈಯನ್ನು ಅಷ್ಟೇ ಮೇಲೆತ್ತಿ ವೇಗ ಮಾತ್ರ ತಗ್ಗಿಸುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ವೇಗವನ್ನು ಅಂದಾಜಿನ ಮೇಲೆ ತಗ್ಗಿಸಿದರೆ ಎರಡು ಸಲ ಒಂದೇ ರೀತಿ ಬರುವುದು ಬಹಳ ಕಷ್ಟ.

ಬಂಕರ್‌ಬಂಟ:
ಯಾವ ವೆಡ್ಜ್‌ಗಳು ಇವೆ, ಲಾಫ್ಟ್ (ಮುಖದ ಓರೆ) ಎಷ್ಟು ಅಂತ ಹೇಳಿ ಸರ್. ಅದಿಲ್ಲದೆ ಏನು ಹೇಳಿದರೂ ಊಹೆಯೇ.

ಬೆಳಗಿನಾಟ:
ಎರಡೇ ಇರುವುದು. ಸೆಟ್ ಜೊತೆ ಬಂದ ಪಿಚಿಂಗ್ ವೆಡ್ಜ್, ಅದು 43 ಡಿಗ್ರಿ. ಇನ್ನೊಂದು 56, ಅದರ ಮೇಲೆ 14 ಅಂತಲೂ ಕೆತ್ತಿದೆ. 50-60ಕ್ಕೆ 56 ಬಳಸುತ್ತೇನೆ.

ಹಳೇಕಬ್ಬಿಣ:
ಆ 14 ಅಂದರೆ ಬೌನ್ಸ್ 14 ಡಿಗ್ರಿ. ಮೊದಲೇ ಹೇಳಿದೆನಲ್ಲ! ಅದು ಬಂಕರ್‌ನ ಮರಳಿಗೆ, ಮೆತ್ತನೆ ನೆಲಕ್ಕೆ ಸರಿ. ಗಟ್ಟಿ ಫೇರ್‌ವೇಯಲ್ಲಿ ಪುಟಿಯದೆ ಇರುತ್ತದೆಯೇ? 8 ಅಥವಾ 10ರ ಒಂದು ವೆಡ್ಜ್ ತಗೊಳ್ಳಿ, ಮುಗಿಯಿತು.

ಬಂಕರ್‌ಬಂಟ:
ಹಳೇಕಬ್ಬಿಣ ಸರ್, ಬೌನ್ಸ್ ಒಂದನ್ನೇ ಹಿಡಿದುಕೊಂಡು ಕೂರಬೇಡಿ. 43ರಿಂದ 56ಕ್ಕೆ 13 ಡಿಗ್ರಿ ಅಂತರ ಇದೆ. ಸಾಮಾನ್ಯವಾಗಿ ವೆಡ್ಜ್‌ಗಳ ನಡುವೆ 4ರಿಂದ 6 ಡಿಗ್ರಿ ಇಡುತ್ತಾರೆ. ಹಿಂದೆ ಪಿಚಿಂಗ್ ವೆಡ್ಜ್ 47-48 ಇರುತ್ತಿತ್ತು. ಈಗಿನ ಸೆಟ್‌ಗಳಲ್ಲಿ ದೂರ ಹೆಚ್ಚಿಸಲು ಲಾಫ್ಟ್ ಇಳಿಸಿದ್ದಾರೆ, ಆದರೆ 56 ಅಲ್ಲೇ ಉಳಿದಿದೆ. ಮಧ್ಯದ ಜಾಗ ಖಾಲಿ. ಮೊದಲು 49-50ರ ಒಂದು ಗ್ಯಾಪ್ ವೆಡ್ಜ್ ತಗೊಳ್ಳಿ.

ಹಳೇಕಬ್ಬಿಣ:
ಅವರ ಸಮಸ್ಯೆ 50-60 ಯಾರ್ಡ್‌ನಲ್ಲಿ. ಅಲ್ಲಿ ಗ್ಯಾಪ್ ವೆಡ್ಜ್ ಇದ್ದರೂ ಇಲ್ಲದಿದ್ದರೂ ಅರ್ಧ ಸ್ವಿಂಗೇ. ಅಂತರ ತೊಂದರೆ ಕೊಡುವುದು ಫುಲ್ ಸ್ವಿಂಗ್‌ನಲ್ಲಿ.

ನಾಲ್ಕುವೆಡ್ಜ್:
ನನ್ನ ಬ್ಯಾಗ್‌ನಲ್ಲಿ 46, 50, 54, 58 ಇವೆ. 14 ಕ್ಲಬ್‌ಗಿಂತ ಜಾಸ್ತಿ ಇಡುವಂತಿಲ್ಲ ಅಲ್ವಾ, ಅದಕ್ಕೆ ದೂರದ ಹೊಡೆತದ 3 ವುಡ್ ತೆಗೆದು 5 ವುಡ್ ಒಂದನ್ನೇ ಇಟ್ಟುಕೊಂಡೆ. ನಾಲ್ಕಕ್ಕೂ ಒಂದೇ ತೂಕದ ಸ್ಟೀಲ್ ಶಾಫ್ಟ್. 58ರ ತಲೆ ಸ್ವಲ್ಪ ಹಗುರ ಅನ್ನಿಸಿತು, ಹಿಂಬದಿಗೆ ಸೀಸದ ಪಟ್ಟಿ ಅಂಟಿಸಿ ಸರಿ ಮಾಡಿದೆ. 54 ಮತ್ತು 58ಕ್ಕೆ ಮೆರುಗು ಹಾಕಿಸಿಲ್ಲ. ತುಕ್ಕು ಹಿಡಿದು ಮುಖ ಒರಟಾಗಿದೆ, ಚೆಂಡು ಬಿದ್ದಲ್ಲೇ ಕಚ್ಚಿ ನಿಲ್ಲುತ್ತದೆ. ಈ ಸೆಟ್ ಕೂಡಿಸಿದ ಮೇಲೆ 100 ಯಾರ್ಡ್ ಒಳಗೆ ಯಾವ ದೂರ ಬಂದರೂ ಯೋಚನೆಯೇ ಇಲ್ಲ.

ಗಡಿಯಾರದಮುಳ್ಳು:
ತುಕ್ಕಿನಿಂದ ಸ್ಪಿನ್ ಬರುವುದಿಲ್ಲ ಸ್ವಾಮಿ. ಚೆಂಡನ್ನು ಹಿಡಿಯುವುದು ಮುಖದ ಮೇಲಿನ ಗ್ರೂವ್ (ಉದ್ದುದ್ದ ತೋಡು) ಮತ್ತು ಅವುಗಳ ನಡುವಿನ ಸಣ್ಣ ಗೀರುಗಳು. ಮೆರುಗು ಇಲ್ಲದ ಮುಖದಿಂದ ಬಿಸಿಲು ಕಣ್ಣಿಗೆ ಹೊಡೆಯುವುದಿಲ್ಲ, ಅದು ನಿಜವಾದ ಲಾಭ.

ನಾಲ್ಕುವೆಡ್ಜ್:
ನನ್ನ ಚೆಂಡು ನಿಲ್ಲುತ್ತಿದೆ, ನಾನು ಕಣ್ಣಾರೆ ನೋಡುತ್ತಿದ್ದೇನೆ.

ಗಡಿಯಾರದಮುಳ್ಳು:
ಹೊಸ ವೆಡ್ಜ್ ಆದ್ದರಿಂದ ನಿಲ್ಲುತ್ತಿದೆ. ಗ್ರೂವ್ ಹರಿತ ಇದೆ, ಅಷ್ಟೆ. ಇನ್ನೂ ಜಾಸ್ತಿ ಹರಿತ ಮಾಡಲು ಕಂಪನಿಗಳಿಗೂ ಆಗುವುದಿಲ್ಲ. ಅಂಚು ಎಷ್ಟು ಹರಿತ ಇರಬೇಕು, ಒಳಗೆ ಎಷ್ಟು ಜಾಗ ಇರಬೇಕು ಅನ್ನುವ ನಿಯಮ 2010ರಿಂದ ಬಿಗಿಯಾಗಿದೆ.

ಮೀಟರ್‌ಲೆಕ್ಕ:
ಒಂದು ಸಣ್ಣ ಮಾತು. ದೂರ ಅಳೆಯುವ ಲೇಸರ್‌ನಲ್ಲಿ ಮೀಟರ್ ಇದೆಯೋ ಯಾರ್ಡ್ ಇದೆಯೋ ನೋಡಿದ್ದೀರಾ? 55 ಮೀಟರ್ ಅಂದರೆ 60 ಯಾರ್ಡ್. ಐದು ಯಾರ್ಡ್ ಅಲ್ಲೇ ಹೋಯಿತು.

ಬಂಕರ್‌ಬಂಟ:
ಹಾಗಿದ್ದರೆ ಯಾವಾಗಲೂ ಚಿಕ್ಕದೇ ಆಗಬೇಕಿತ್ತು. ಇವರದು ಎರಡೂ ಕಡೆ ತಪ್ಪುತ್ತಿದೆ.

ಮೀಟರ್‌ಲೆಕ್ಕ:
ನೋಡಿ ಅಂದೆ, ಅದೇ ಕಾರಣ ಅನ್ನಲಿಲ್ಲ. ಎಲ್ಲರೂ ಮೀಟರ್‌ನಲ್ಲೇ ಅಳೆದರೆ ಈ ಗೊಂದಲವೇ ಇರುವುದಿಲ್ಲ.

ಬಂಕರ್‌ಬಂಟ:
ಕೋರ್ಸ್‌ನ ಕಾರ್ಡ್‌ನಲ್ಲಿ ಏನಿದೆಯೋ ಅದರಲ್ಲೇ ಅಳೆಯಬೇಕು. ದಯವಿಟ್ಟು ಈ ಚರ್ಚೆ ಬೇರೆ ಕಡೆ ಇಟ್ಟುಕೊಳ್ಳೋಣ.

ತೆಳುಹುಲ್ಲು:
ಬೆಳಗಿನಾಟ ಅವರೇ, ನೀವು ಬರೆದದ್ದರಲ್ಲಿ ಒಂದು ವಿಷಯ ಯಾರೂ ಎತ್ತಿಕೊಳ್ಳಲಿಲ್ಲ. ರೇಂಜ್‌ನಲ್ಲಿ ಸರಿ ಹೋಗುತ್ತದೆ, ಕೋರ್ಸ್‌ನಲ್ಲಿ ಹೋಗುವುದಿಲ್ಲ ಅಂದಿರಿ. ಕ್ಲಬ್ ಒಂದೇ, ಸ್ವಿಂಗ್ ಒಂದೇ. ಹಾಗಾದರೆ ಬೇರೆ ಇರುವುದು ನೆಲ ಮತ್ತು ಚೆಂಡು. ರೇಂಜ್‌ನಲ್ಲಿ ಮ್ಯಾಟ್ ಮೇಲೆ ಹೊಡೆಯುತ್ತೀರಾ? ಕೋರ್ಸ್‌ನಲ್ಲಿ ಯಾವ ಚೆಂಡು? ನಿಮ್ಮ ಹೆಸರು ನೋಡಿದರೆ ಬೆಳಿಗ್ಗೆ ಬೇಗ ಆಡುವವರು ಅನ್ನಿಸುತ್ತದೆ. ಹುಲ್ಲು ಒದ್ದೆ ಇರುತ್ತದೆಯೇ? ಚಿಕ್ಕದಾದ ಶಾಟ್‌ನಲ್ಲಿ ಕೈಗೆ ಏನು ಗೊತ್ತಾಗುತ್ತದೆ? ಮಣ್ಣಿಗೆ ಹೊಡೆದ ಹಾಗಾ, ಅಥವಾ ಚೆಂಡು ಚೆನ್ನಾಗಿ ತಾಗಿಯೂ ಮುಂಚೆಯೇ ಬೀಳುತ್ತದಾ?

ಬೆಳಗಿನಾಟ:
ಮೇಡಂ, ಮ್ಯಾಟ್ ಮೇಲೆಯೇ. ನಮ್ಮ ರೇಂಜ್‌ನಲ್ಲಿ ಹುಲ್ಲಿಲ್ಲ. ಬೆಳಗ್ಗೆ ಮೊದಲ ಹೊತ್ತಿಗೇ ಆಡುತ್ತೇನೆ, ಇಬ್ಬನಿ ಇದ್ದೇ ಇರುತ್ತದೆ. ಚೆಂಡು ಬ್ಯಾಗ್‌ನಲ್ಲಿ ಯಾವುದು ಸಿಕ್ಕಿತೋ ಅದು. ಚಿಕ್ಕದಾದಾಗ ಸ್ವಲ್ಪ ಮಣ್ಣು ತಾಗಿದ ಹಾಗೆ ಇರುತ್ತದೆ. ದಾಟಿಹೋದದ್ದು ಕೆಲವೊಮ್ಮೆ ಗಟ್ಟಿಯಾಗಿ ಕೈ ಜುಮ್ ಅನ್ನುತ್ತದೆ, ಕೆಲವೊಮ್ಮೆ ಚೆನ್ನಾಗಿಯೇ ತಾಗಿರುತ್ತದೆ. ಇದೆಲ್ಲ ಮುಖ್ಯ ಅಂತ ಅನ್ನಿಸಿರಲಿಲ್ಲ.

ತೆಳುಹುಲ್ಲು:
ಬಹಳ ಮುಖ್ಯ. ನನಗೆ ಇಲ್ಲಿ ಎರಡು ಬೇರೆ ಬೇರೆ ಸಮಸ್ಯೆ ಕಾಣುತ್ತಿವೆ, ಬಿಡಿಸಿ ನೋಡೋಣ.

ಒಂದು, ಚೆಂಡಿಗೆ ಕ್ಲಬ್ ತಾಗುವ ರೀತಿ. ಮ್ಯಾಟ್ ಮೇಲೆ ಚೆಂಡಿಗಿಂತ ಎರಡು ಇಂಚು ಹಿಂದೆ ಹೊಡೆದರೂ ಕ್ಲಬ್ ಜಾರಿಕೊಂಡು ಮುಂದೆ ಹೋಗುತ್ತದೆ, ಚೆಂಡು ಹೆಚ್ಚು ಕಮ್ಮಿ ಸರಿಯಾದ ದೂರಕ್ಕೇ ಹಾರುತ್ತದೆ. ತಪ್ಪು ಕಾಣಿಸುವುದೇ ಇಲ್ಲ. ಹುಲ್ಲಿನಲ್ಲಿ ಅದೇ ಹೊಡೆತಕ್ಕೆ ಮಣ್ಣು ವೇಗವನ್ನೆಲ್ಲ ನುಂಗುತ್ತದೆ. ಅದೇ ಸ್ವಿಂಗ್‌ನಲ್ಲಿ ಕ್ಲಬ್ ನೆಲಕ್ಕೆ ತಾಗದೆ ಮೇಲೇಳುತ್ತಾ ಬಂದರೆ ಥಿನ್ ಆಗಿ, ಅಂದರೆ ಅಂಚು ಚೆಂಡಿನ ಹೊಟ್ಟೆಗೆ ಬಡಿದು, ಗ್ರೀನ್ ದಾಟುತ್ತದೆ. ಫ್ಯಾಟ್ (ಮೊದಲು ಮಣ್ಣಿಗೆ ತಾಗುವ ಹೊಡೆತ), ಥಿನ್ ಎರಡಕ್ಕೂ ಮೂಲ ಒಂದೇ: ಸ್ವಿಂಗ್‌ನ ತಳ ಚೆಂಡಿನ ಹಿಂದೆ ಬೀಳುತ್ತಿದೆ. ನಿಧಾನ ಮಾಡಿದರೆ ಹದಗೆಟ್ಟಿತು ಅಂದಿರಲ್ಲ, ಅದಕ್ಕೂ ಇದೇ ಕಾರಣ ಇರಬಹುದು. ವೇಗ ತಡೆಯಲು ಹೋದಾಗ ಎದೆ ತಿರುಗುವುದು ನಿಲ್ಲುತ್ತದೆ, ಭಾರ ಹಿಂದಿನ ಕಾಲಲ್ಲೇ ಉಳಿಯುತ್ತದೆ, ಕೈಗಳು ಮಾತ್ರ ಮುಂದೆ ಹೋಗುತ್ತವೆ.

ಇನ್ನೊಂದು, ಚೆಂಡು ಮತ್ತು ನೀರು. ಮೆತ್ತನೆ ಯುರೇಥೇನ್ ಹೊದಿಕೆಯ ಚೆಂಡು ಈ ದೂರದಿಂದ ತಗ್ಗಾಗಿ ಹಾರಿ ಒಂದೆರಡು ಪುಟಿತಕ್ಕೆ ನಿಲ್ಲುತ್ತದೆ. ಗಟ್ಟಿ ಹೊದಿಕೆಯ ಎರಡು ಪದರದ ಚೆಂಡು ಅಷ್ಟು ಸ್ಪಿನ್ ತೆಗೆದುಕೊಳ್ಳುವುದಿಲ್ಲ, ಬಿದ್ದ ಮೇಲೆ ಉರುಳುತ್ತದೆ. ಕ್ಲಬ್ ಮುಖ ಮತ್ತು ಚೆಂಡಿನ ನಡುವೆ ನೀರು ಸೇರಿದರೆ ಹಿಡಿತ ತಪ್ಪುತ್ತದೆ. ಆಗ ಚೆಂಡು ಮಾಮೂಲಿಗಿಂತ ಮೇಲಕ್ಕೆ ಹಾರಿ, ಸ್ಪಿನ್ ಇಲ್ಲದೆ ಇಳಿದು, ಓಡುತ್ತದೆ. ಚೆನ್ನಾಗಿ ತಾಗಿಯೂ ದಾಟಿಹೋದ ಶಾಟ್‌ಗಳು ಇವೇ ಇರಬೇಕು.

ಈಗ ಹೀಗೆ ಮಾಡಿ. ಹುಲ್ಲು ಇರುವ ಅಭ್ಯಾಸದ ಜಾಗ ಹುಡುಕಿ. ನೆಲದ ಮೇಲೆ ಸುಣ್ಣದ ಪುಡಿಯಿಂದ ಒಂದು ಗೆರೆ ಎಳೆಯಿರಿ. ಚೆಂಡು ಬೇಡ. ಗೆರೆ ಎರಡು ಪಾದಗಳ ಮಧ್ಯಕ್ಕೆ ಬರುವಂತೆ ನಿಂತು ಒಂಬತ್ತು ಗಂಟೆಯ ಸ್ವಿಂಗ್ ಮಾಡಿ, ಪ್ರತಿ ಸಲ ಗೆರೆಯ ಉದ್ದಕ್ಕೆ ಸ್ವಲ್ಪ ಮುಂದೆ ಸರಿಯಿರಿ. ಹುಲ್ಲು ಕಿತ್ತದ್ದು ಗೆರೆಯ ಮೇಲೆ ಅಥವಾ ಗುರಿಯ ಕಡೆಗೆ ಇರಬೇಕು. ಹಿಂದೆ ಇದ್ದರೆ ಉತ್ತರ ಸಿಕ್ಕಿತು.

ಹಳೇಕಬ್ಬಿಣ:
ಇದನ್ನೆಲ್ಲ ಒಪ್ಪುತ್ತೇನೆ ಮೇಡಂ. ಆದರೆ ಬೌನ್ಸ್ ಕಮ್ಮಿ ಮಾಡಿದರೆ ಥಿನ್ ಶಾಟ್ ಖಂಡಿತ ಕಡಿಮೆ ಆಗುತ್ತದೆ.

ತೆಳುಹುಲ್ಲು:
ಕ್ಲಬ್ ಹಿಂದೆ ಬೀಳುತ್ತಿದ್ದರೆ ಬೌನ್ಸ್ ಕಮ್ಮಿ ಮಾಡಿದಷ್ಟೂ ಮಣ್ಣಿಗೆ ಅಗೆಯುವುದು ಜಾಸ್ತಿ ಆಗುತ್ತದೆ ಸರ್. ಇಬ್ಬನಿಯ ನೆಲ ಸ್ವಲ್ಪ ಮೆತ್ತಗೇ ಇರುತ್ತದೆ. ಅವರಿಗೆ ಆ 14 ಈಗ ಸಹಾಯವನ್ನೇ ಮಾಡುತ್ತಿದೆ. ದುಡ್ಡು ಖರ್ಚು ಮಾಡಿಸುವ ಮೊದಲು ಗೆರೆ ನೋಡಲಿ.

ಹಳೇಕಬ್ಬಿಣ:
ನೆಲ ಗಟ್ಟಿಯೋ ಮೆತ್ತಗೋ ಅಂತ ಅವರು ಇನ್ನೂ ಹೇಳಿಲ್ಲ. ಅದು ಗೊತ್ತಾಗುವ ತನಕ ನಾನು ಬೌನ್ಸ್ ಅನ್ನೇ ಹೇಳುತ್ತೇನೆ.

ಬೆಳಗಿನಾಟ:
ಗೆರೆ ಎಳೆದು ನೋಡಿದೆ. ಮೇಡಂ ಹೇಳಿದ್ದು ಸರಿ. ಹೆಚ್ಚಿನವು ಗೆರೆಗಿಂತ ಎರಡು ಬೆರಳು ಹಿಂದೆ ಬಿದ್ದಿವೆ. ನಿಧಾನವಾಗಿ ಹೊಡೆದಾಗ ಇನ್ನೂ ಹಿಂದೆ! ಸ್ವಲ್ಪ ವೇಗ ಹೆಚ್ಚಿಸಿ, ಎದೆಯನ್ನು ಗುರಿಯ ಕಡೆಗೆ ಪೂರ್ತಿ ತಿರುಗಿಸಿದಾಗ ಗೆರೆಯ ಮೇಲೆ ಬಂತು. ಆದರೆ ಹಾಗೆ ಹೊಡೆದರೆ ಚೆಂಡು 60 ದಾಟಿ ಹೋಗುತ್ತಿದೆ. 50ಕ್ಕೆ ಏನು ಮಾಡಲಿ?

ಗಡಿಯಾರದಮುಳ್ಳು:
ಅದಕ್ಕೇ ಗಡಿಯಾರ ಹೇಳಿದ್ದು. ಅದೇ ತಾಳದಲ್ಲಿ ಏಳೂವರೆಯ ಸ್ವಿಂಗ್ ಮಾಡಿ.

ತೆಳುಹುಲ್ಲು:
ಅಥವಾ ಸ್ವಿಂಗ್ ಹಾಗೇ ಇಟ್ಟು ಗ್ರಿಪ್‌ನಲ್ಲಿ ಒಂದು ಇಂಚು ಕೆಳಗೆ ಹಿಡಿಯಿರಿ. ಕ್ಲಬ್ ಉದ್ದ ಕಡಿಮೆ ಆದರೆ ತಲೆಯ ವೇಗ ತಾನಾಗಿ ತಗ್ಗುತ್ತದೆ. ನೀವು ತಡೆಯುವ ಅಗತ್ಯ ಬರುವುದಿಲ್ಲ. ನಿಲ್ಲುವಾಗಲೇ ಭಾರವನ್ನು ಮುಂದಿನ ಕಾಲಿಗೆ ಸ್ವಲ್ಪ ಜಾಸ್ತಿ ಕೊಡಿ, ಅದು ಅಲ್ಲೇ ಇರಲಿ. ಕೈಗಳನ್ನು ಬೇಕಂತಲೇ ತುಂಬಾ ಮುಂದೆ ತಳ್ಳಬೇಡಿ. ಶಾಫ್ಟ್ ಮುಂದೆ ಬಾಗಿದಷ್ಟೂ ಲಾಫ್ಟ್ ಕಮ್ಮಿ ಆಗುತ್ತದೆ, ಬೌನ್ಸ್ ಕೂಡ ಕಮ್ಮಿ ಆಗುತ್ತದೆ. ದೂರ ಮತ್ತೆ ಏರುಪೇರು. ಹೊಡೆಯುವ ಮೊದಲು ಕ್ಲಬ್ ಮುಖವನ್ನು ಒಣ ಬಟ್ಟೆಯಿಂದ ಒರೆಸಿ. ಒಂದೇ ಮಾದರಿಯ ಚೆಂಡು ಇಟ್ಟುಕೊಳ್ಳಿ. ದುಬಾರಿಯದೇ ಬೇಕಿಲ್ಲ, ಒಂದೇ ಆಗಿರಬೇಕು ಅಷ್ಟೆ.

ನಾಲ್ಕುವೆಡ್ಜ್:
ಒಂದು ಇಂಚು ಕೆಳಗೆ ಹಿಡಿಯುವುದಕ್ಕೆ ನಾನು ಗ್ರಿಪ್ ಮೇಲೆ ಬಿಳಿ ಗೆರೆಗಳನ್ನು ಹಾಕಿಸಿದ್ದೇನೆ. ಹೊಸ ಗ್ರಿಪ್ ಕೂಡ ಉದ್ದದ್ದು. ಫೋಟೋ ಹಾಕಲೇ?

ಮೀಟರ್‌ಲೆಕ್ಕ:
ಹಾಕಿ. ಆ ಗೆರೆಗಳು ಒಂದೊಂದು ಸೆಂಟಿಮೀಟರ್ ಅಂತರದಲ್ಲಿವೆಯೋ, ಅರ್ಧ ಇಂಚೋ?

ಬಂಕರ್‌ಬಂಟ:
ಬೆಳಗಿನಾಟ ಸರ್, ಇದೆಲ್ಲ ಸರಿಹೋದ ಮೇಲೂ 43 ಮತ್ತು 56ರ ನಡುವಿನ ಖಾಲಿ ಜಾಗ ಹಾಗೇ ಇರುತ್ತದೆ. 56ರ ಫುಲ್ ಸ್ವಿಂಗ್ ನಿಮಗೆ ಎಷ್ಟು ಯಾರ್ಡ್, ಪಿಚಿಂಗ್ ವೆಡ್ಜ್ ಎಷ್ಟು? ಅದು ಗೊತ್ತಾದರೆ 49 ಬೇಕೋ 50 ಬೇಕೋ ಹೇಳಬಹುದು.

ಬೆಳಗಿನಾಟ:
ಪಿಚಿಂಗ್ ವೆಡ್ಜ್ ಸುಮಾರು 120, 56 ಸುಮಾರು 80. ಎರಡೂ ರೇಂಜ್ ಚೆಂಡಿನಲ್ಲಿ ನೋಡಿದ್ದು. ಕೋರ್ಸ್ ಚೆಂಡಿನಲ್ಲಿ ಹುಲ್ಲಿನ ಮೇಲೆ ಮತ್ತೆ ಅಳೆದು ಬರೆಯುತ್ತೇನೆ. ಹಳೇಕಬ್ಬಿಣ ಸರ್, ನಮ್ಮ ಫೇರ್‌ವೇ ಬೆಳಿಗ್ಗೆ ಮೆತ್ತಗೆ ಇರುತ್ತದೆ, ಹತ್ತು ಗಂಟೆ ಮೇಲೆ ಗಟ್ಟಿ ಆಗುತ್ತದೆ.

ಹಳೇಕಬ್ಬಿಣ:
ನೋಡಿದಿರಾ, ಹತ್ತು ಗಂಟೆ ಮೇಲೆ ಗಟ್ಟಿ! ಕೊನೆಯ ಹೋಲ್‌ಗಳಲ್ಲಿ ದಾಟಿಹೋಗುವುದು ಜಾಸ್ತಿಯೋ, ಶುರುವಿನಲ್ಲಿ ಜಾಸ್ತಿಯೋ? ಅದನ್ನು ಹೇಳಿ, ಆಮೇಲೆ ಮಾತಾಡೋಣ.