ಡೆಬಿಯನ್ 11ಕ್ಕೆ ಸಿಸ್ಟಮ್‌ಡಿ 252 ತರುವುದು: ಯಾವ ಪ್ಯಾಕೇಜ್, ಯಾವ ಕ್ರಮ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ವರ್ಚುವಲ್ ಮಷೀನ್ ಒಂದರಲ್ಲಿ ಡೆಬಿಯನ್ 11 ಓಡುತ್ತಿದೆ, ಸಿಸ್ಟಮ್‌ಡಿ (ಬೂಟ್‌ನಲ್ಲಿ ಮೊದಲು ಎದ್ದು ಉಳಿದ ಸರ್ವೀಸ್‌ಗಳನ್ನು ನಡೆಸುವ ಪ್ರೋಗ್ರಾಮ್) ಅದರ ಜೊತೆಗೇ ಬಂದ 247. ಮೇಲಿರುವ ಅಪ್ಲಿಕೇಶನ್ ಡೆಬಿಯನ್ 12ಕ್ಕೆ ಇನ್ನೂ ತಯಾರಿಲ್ಲ, ಹಾಗಾಗಿ ಇಡೀ ಓಎಸ್ ಅಪ್‌ಗ್ರೇಡ್ ಸದ್ಯಕ್ಕೆ ಆಗದು. ಆದರೆ ಡೇಟಾಬೇಸ್ ಪಾಸ್‌ವರ್ಡ್ ಎನ್‌ಕ್ರಿಪ್ಟ್ ಆಗಿರಬೇಕು ಅಂತ ಸಿಸ್ಟಮ್‌ಡಿಯ ಲೋಡ್‌ಕ್ರೆಡೆನ್ಶಿಯಲ್‌ಎನ್‌ಕ್ರಿಪ್ಟೆಡ್ ಎಂಬ ಸೆಟ್ಟಿಂಗ್ ಬಳಸಬೇಕಿದೆ. ಅದು ಬಂದದ್ದು 250ರಲ್ಲಿ.

ಡೆಬಿಯನ್ 12ರ ಡೆಬ್ ಫೈಲನ್ನು ನೇರವಾಗಿ ಹಾಕಲು ಹೋದರೆ ಹೊಸ ಲಿಬ್‌ಸಿ (ಬಹುತೇಕ ಎಲ್ಲ ಪ್ರೋಗ್ರಾಮ್‌ಗಳೂ ನಂಬುವ ಮೂಲ ಲೈಬ್ರರಿ) ಬೇಕು ಅಂತ ನಿಲ್ಲುತ್ತದೆ. ಇದನ್ನು ಸರಿಯಾಗಿ ಮಾಡುವ ದಾರಿ ಯಾವುದು? ರೀಬೂಟ್ ಆದಮೇಲೆ ಮಷೀನ್ ಎದ್ದು ಬರದಿದ್ದರೆ ಅನ್ನುವುದೇ ಹೆದರಿಕೆ.

ಉತ್ತರ 1

ಡೆಬ್ ಫೈಲನ್ನು ಬಲವಂತವಾಗಿ ಹಾಕಬೇಡಿ. 11ರಲ್ಲಿರುವ ಲಿಬ್‌ಸಿ 2.31, 12ರಲ್ಲಿ 2.36. ಹೊಸದರ ಎದುರು ಕಟ್ಟಿದ ಬೈನರಿ ಹಳೆಯದರ ಮೇಲೆ ಏಳುವುದಿಲ್ಲ. ಬೇರೆ ಯಾವ ಪ್ರೋಗ್ರಾಮ್ ಆಗಿದ್ದರೂ ಎರರ್ ಕೊಟ್ಟು ಸುಮ್ಮನಾಗುತ್ತಿತ್ತು, ಇಲ್ಲಿ ಏಳದೆ ಉಳಿಯುವುದು ಪಿಐಡಿ 1, ಅಂದರೆ ಕರ್ನಲ್ ಮೊದಲು ಶುರು ಮಾಡುವ ಸಿಸ್ಟಮ್‌ಡಿಯೇ. ಲಿಬ್‌ಸಿಯನ್ನೂ ಎಳೆದು ತಂದರೆ ಅದು ಬ್ಯಾಕ್‌ಪೋರ್ಟ್ (ಹೊಸ ಪ್ಯಾಕೇಜನ್ನು ಹಳೆಯ ಬಿಡುಗಡೆಗೆ ಕಟ್ಟುವುದು) ಅಲ್ಲ, ಅರ್ಧ ಅಪ್‌ಗ್ರೇಡ್.

ಸೋರ್ಸ್ ತಂದು 11ರ ಮೇಲೇ ಬಿಲ್ಡ್ ಮಾಡಿ. 11ರ ಬ್ಯಾಕ್‌ಪೋರ್ಟ್ಸ್‌ನಲ್ಲಿ 252 ಇತ್ತು, ಆದರೆ ಆ ಭಂಡಾರ ಮುಚ್ಚಿದೆ, ಅಲ್ಲಿನ ಪ್ಯಾಕೇಜನ್ನು ಈಗ ಯಾರೂ ತಿದ್ದುವುದಿಲ್ಲ. 12ರ ಸೋರ್ಸ್ ಕೂಡ 252ರದ್ದೇ, ಪಾಯಿಂಟ್ ರಿಲೀಸ್‌ಗಳಲ್ಲಿ ಬಂದ ತಿದ್ದುಪಡಿಗಳೂ ಅದರಲ್ಲಿ ಸೇರಿವೆ. ಅದನ್ನೇ ತೆಗೆದುಕೊಳ್ಳಿ. ಸೋರ್ಸಸ್ ಲಿಸ್ಟ್‌ಗೆ 12ರ ಡೆಬ್-ಎಸ್‌ಆರ್‌ಸಿ (ಸೋರ್ಸ್ ತರುವ) ಸಾಲು ಮಾತ್ರ ಸೇರಿಸಿ. ಬರಿಯ ಡೆಬ್ ಸಾಲು ಸೇರಿಸಿದರೆ ಮುಂದಿನ ಅಪ್‌ಗ್ರೇಡ್‌ನಲ್ಲಿ ಇಡೀ ಸಿಸ್ಟಮ್ 12ರತ್ತ ಜಾರುತ್ತದೆ.

ಬಿಲ್ಡ್ ಮಾಡುವ ಜಾಗ ಸರ್ವರ್ ಅಲ್ಲ. ಬೇರೆ ಮಷೀನ್‌ನಲ್ಲಿ ಎಸ್‌ಬಿಲ್ಡ್ ಅಥವಾ ಪಿಬಿಲ್ಡರ್‌ನಿಂದ 11ರ ಶುದ್ಧ ಕ್ರೂಟ್ (ಬೇರ್ಪಡಿಸಿದ ಪುಟ್ಟ ಸಿಸ್ಟಮ್) ಮಾಡಿಕೊಳ್ಳಿ. ಚೇಂಜ್‌ಲಾಗ್ ತಿದ್ದುವ ಡಿಸಿಎಚ್‌ನಿಂದ ವರ್ಶನ್‌ನ ಕೊನೆಗೆ ~ಬಿಪಿಒ11+1 ಅಂತ ಸೇರಿಸಿ. ಆ ~ ಗುರುತು ಮುಖ್ಯ: ಅದಿರುವ ವರ್ಶನ್ ಮೂಲಕ್ಕಿಂತ ಕೆಳಗಿನದು ಅಂತ ಪ್ಯಾಕೇಜ್ ಹಾಕುವ ಡಿಪಿಕೆಜಿ ಎಣಿಸುತ್ತದೆ, ಹಾಗಾಗಿ ಮುಂದೆ 12ಕ್ಕೆ ಹೋದಾಗ ಅಲ್ಲಿನ ಪ್ಯಾಕೇಜ್ ತಾನಾಗಿ ಇದರ ಜಾಗಕ್ಕೆ ಬರುತ್ತದೆ. ಬಿಲ್ಡ್‌ಗೆ ಯಾವುದಾದರೂ ಲೈಬ್ರರಿ 11ರಲ್ಲಿ ಇಲ್ಲದಷ್ಟು ಹೊಸದು ಬೇಕು ಅಂದರೆ, ಕಂಟ್ರೋಲ್ ಫೈಲ್‌ನಲ್ಲಿ ಆ ಸಂಖ್ಯೆ ಅಳಿಸಿ ಮುಂದೆ ಹೋಗಬೇಡಿ. ಅದು ಯಾವ ಫೀಚರ್‌ಗೆ ಬೇಕು ಅಂತ ನೋಡಿ, ಆ ಫೀಚರನ್ನೇ ರೂಲ್ಸ್ ಫೈಲ್‌ನ ಮೆಸಾನ್ (ಬಿಲ್ಡ್ ಉಪಕರಣ) ಆಯ್ಕೆಗಳಲ್ಲಿ ಆಫ್ ಮಾಡಿ.

252ಕ್ಕಿಂತ ಮುಂದೆ ಹೋಗುವ ಆಸೆ ಬೇಡ. 255ರಿಂದ /ಯುಎಸ್‌ಆರ್ ವಿಲೀನವಾಗದ ಸಿಸ್ಟಮ್‌ಗಳಿಗೆ ಬೆಂಬಲವೇ ಇಲ್ಲ. ಹಳೆಯ ಡೆಬಿಯನ್‌ನಿಂದ ಅಪ್‌ಗ್ರೇಡ್ ಆಗುತ್ತಾ 11ಕ್ಕೆ ಬಂದ ಮಷೀನ್‌ಗಳಲ್ಲಿ /ಬಿನ್, /ಲಿಬ್ ಇನ್ನೂ ಬೇರೆ ಡೈರೆಕ್ಟರಿಗಳಾಗಿಯೇ ಉಳಿದಿರಬಹುದು.

ಉತ್ತರ 2

ಬಿಲ್ಡ್ ಸುಲಭದ ಭಾಗ. ಪೆಟ್ಟು ಬೀಳುವುದು ಇನ್‌ಸ್ಟಾಲ್‌ನಲ್ಲಿ.

247ರ ಪ್ಯಾಕೇಜಿನೊಳಗೇ ಡಿಎನ್‌ಎಸ್ ನೋಡಿಕೊಳ್ಳುವ ಸಿಸ್ಟಮ್‌ಡಿ-ರಿಸಾಲ್ವ್‌ಡಿ ಇತ್ತು. 12ರ ಪ್ಯಾಕೇಜಿಂಗ್‌ನಲ್ಲಿ ಅದು ಬೇರೆ ಪ್ಯಾಕೇಜ್, ಅಪ್‌ಗ್ರೇಡ್‌ನಲ್ಲಿ ತಾನಾಗಿ ಬರುವುದಿಲ್ಲ. ನಿಮ್ಮ /ಇಟಿಸಿ/ರಿಸಾಲ್ವ್.ಕಾನ್ಫ್ ಎಲ್ಲಿಗೆ ಲಿಂಕ್ ಆಗಿದೆ ಅಂತ ಈಗಲೇ ನೋಡಿಕೊಳ್ಳಿ. /ರನ್/ಸಿಸ್ಟಮ್‌ಡಿ/ರಿಸಾಲ್ವ್ ಒಳಗಿನ ಫೈಲ್‌ಗೆ ಆಗಿದ್ದರೆ ಅಪ್‌ಗ್ರೇಡ್ ಆದಮೇಲೆ ಡಿಎನ್‌ಎಸ್ ಸತ್ತಂತೆ, ಬಿಟ್ಟುಹೋದ ಪ್ಯಾಕೇಜನ್ನು ರೆಪೋದಿಂದ ತರಲೂ ಆಗದು. ಸಿಸ್ಟಮ್‌ಡಿ, ಯುಡೆವ್, ಲಿಬ್‌ಸಿಸ್ಟಮ್‌ಡಿ0, ಲಿಬ್‌ಸಿಸ್ಟಮ್‌ಡಿ-ಶೇರ್ಡ್, ಲಿಬ್‌ಯುಡೆವ್1, ಲಿಬ್‌ಪ್ಯಾಮ್-ಸಿಸ್ಟಮ್‌ಡಿ, ಜೊತೆಗೆ ನೀವು ಬಳಸುತ್ತಿರುವ ರಿಸಾಲ್ವ್‌ಡಿ, ಟೈಮ್‌ಸಿಂಕ್‌ಡಿ: ಎಲ್ಲವನ್ನೂ ಒಂದೇ ಆಪ್ಟ್ ಕಮಾಂಡ್‌ನಲ್ಲಿ ಕೊಡಿ. ಮೊದಲು -ಎಸ್ ಹಾಕಿ ಸಿಮ್ಯುಲೇಟ್ ಮಾಡಿ, ತೆಗೆದುಹಾಕುವ ಪಟ್ಟಿಯನ್ನು ಒಂದೊಂದಾಗಿ ಓದಿ.

ಎರಡನೆಯದು ನೆಟ್‌ವರ್ಕ್ ಕಾರ್ಡಿನ ಹೆಸರು. ಹೆಸರಿಡುವ ನಿಯಮ 247ಕ್ಕೂ 252ಕ್ಕೂ ನಡುವೆ ಹಲವು ಸಲ ಬದಲಾಗಿದೆ. ಹೆಸರು ಬದಲಾದರೆ ಇಂಟರ್‌ಫೇಸಸ್ ಫೈಲ್‌ನಲ್ಲಿ ಬರೆದದ್ದು ಹೊಂದುವುದಿಲ್ಲ, ಎಸ್‌ಎಸ್‌ಎಚ್ ಬಾಗಿಲು ಮುಚ್ಚುತ್ತದೆ. ಗ್ರಬ್‌ನ ಕರ್ನಲ್ ಸಾಲಿಗೆ ನೆಟ್.ನೇಮಿಂಗ್-ಸ್ಕೀಮ್=ವಿ247 ಸೇರಿಸಿ, ಅಪ್‌ಡೇಟ್-ಗ್ರಬ್ ಓಡಿಸಿ. ಇದನ್ನು ಅಪ್‌ಗ್ರೇಡ್‌ಗೆ ಮೊದಲೇ ಮಾಡಿ.

ಪ್ಯಾಕೇಜ್ ಇಳಿದ ತಕ್ಷಣ ಡೀಮನ್-ರೀಎಕ್ಸೆಕ್ ನಡೆಯುತ್ತದೆ, ಅಂದರೆ ಓಡುತ್ತಿರುವ ಪಿಐಡಿ 1 ತನ್ನ ಸ್ಥಿತಿಯನ್ನು ಬರೆದಿಟ್ಟು ಹೊಸ ಬೈನರಿಯಾಗಿ ಮತ್ತೆ ಶುರುವಾಗುತ್ತದೆ. ಅಲ್ಲಿ ಕ್ರ್ಯಾಶ್ ಆದರೆ ಸಿಸ್ಟಮ್‌ಸಿಟಿಎಲ್ ಉತ್ತರಿಸುವುದಿಲ್ಲ, ಮಾಮೂಲಿ ರೀಬೂಟ್ ಕಮಾಂಡ್ ಕೂಡ ಕೆಲಸ ಮಾಡದು. ಆಗ ಉಳಿಯುವುದು ಸಿಸ್ಆರ್‌ಕ್ಯು, ಅಂದರೆ ಕರ್ನಲ್‌ಗೇ ನೇರ ಆದೇಶ: /ಪ್ರಾಕ್/ಸಿಸ್ಆರ್‌ಕ್ಯು-ಟ್ರಿಗರ್‌ಗೆ ಎಸ್, ಯು, ಬಿ, ಇದೇ ಕ್ರಮದಲ್ಲಿ. ಆದ್ದರಿಂದ ಸ್ನ್ಯಾಪ್‌ಶಾಟ್ ಮತ್ತು ಕನ್ಸೋಲ್ ಎರಡೂ ಕೈಯಲ್ಲಿ ಇಲ್ಲದೆ ಶುರು ಮಾಡಬೇಡಿ.

ಹಿಂದಕ್ಕೆ ಬರಲು ಸ್ನ್ಯಾಪ್‌ಶಾಟೇ ದಾರಿ. ಡೌನ್‌ಗ್ರೇಡನ್ನು ಡೆಬಿಯನ್ ಬೆಂಬಲಿಸುವುದಿಲ್ಲ. ಅದೂ ಅಲ್ಲದೆ 252ರ ಜರ್ನಲ್‌ಡಿ (ಲಾಗ್ ನೋಡಿಕೊಳ್ಳುವ ಸರ್ವೀಸ್) ಬರೆಯುವ ಕಾಂಪ್ಯಾಕ್ಟ್ ಫೈಲ್‌ಗಳನ್ನು 247ರ ಜರ್ನಲ್‌ಸಿಟಿಎಲ್ ತೆರೆಯಲಾರದು. ಹಳೆಯ ಮಷೀನ್ ಮೇಲೆ ಈ ಲಾಗ್ ಓದಬೇಕಿದ್ದರೆ ಜರ್ನಲ್‌ಡಿ ಸರ್ವೀಸ್‌ನ ಡ್ರಾಪ್-ಇನ್‌ನಲ್ಲಿ ಸಿಸ್ಟಮ್‌ಡಿ_ಜರ್ನಲ್_ಕಾಂಪ್ಯಾಕ್ಟ್=0 ಎಂಬ ಎನ್ವಿರಾನ್ಮೆಂಟ್ ಕೊಡಿ.

ಉತ್ತರ 3

ಮೇಲಿನವರಿಬ್ಬರೂ ಹೇಳಿದ್ದು ಸರಿ. ಆದರೆ ನಿಮ್ಮ ವರ್ಚುವಲ್ ಮಷೀನ್‌ಗೆ ಟಿಪಿಎಂ (ಕೀಲಿಗಳನ್ನು ಕಾಪಾಡುವ ಚಿಪ್) ಇದೆಯೇ? ಇಲ್ಲದಿದ್ದರೆ ಪಾಸ್‌ವರ್ಡ್ ಎನ್‌ಕ್ರಿಪ್ಟ್ ಮಾಡುವ ಸಿಸ್ಟಮ್‌ಡಿ-ಕ್ರೆಡ್ಸ್ ಬಳಸುವ ಕೀಲಿ ಅದೇ ಡಿಸ್ಕ್‌ನಲ್ಲಿ, /ವಾರ್/ಲಿಬ್/ಸಿಸ್ಟಮ್‌ಡಿ/ಕ್ರೆಡೆನ್ಶಿಯಲ್.ಸೀಕ್ರೆಟ್ ಫೈಲ್‌ನಲ್ಲಿ ಕೂರುತ್ತದೆ. ಡಿಸ್ಕ್ ಇಮೇಜ್ ಸಿಕ್ಕಿದವರಿಗೆ ಬೀಗವೂ ಸಿಕ್ಕಿತು, ಕೀಲಿಯೂ ಸಿಕ್ಕಿತು. ಸಿಗುವ ಲಾಭ ಒಂದೇ: ಎನ್‌ಕ್ರಿಪ್ಟ್ ಆದ ಫೈಲ್ ಮಾತ್ರ ಗಿಟ್‌ಗೋ ಬ್ಯಾಕಪ್‌ಗೋ ಹೋದರೆ ಯಾರೂ ಓದಲಾರರು.

ಲೋಡ್‌ಕ್ರೆಡೆನ್ಶಿಯಲ್, ಎನ್‌ಕ್ರಿಪ್ಟೆಡ್ ಅಲ್ಲದ್ದು, 247ರಲ್ಲೇ ಇದೆ. ಪಾಸ್‌ವರ್ಡ್ ಫೈಲ್ ರೂಟ್ ಹೆಸರಲ್ಲಿ, ಮೋಡ್ 0600. ಯೂನಿಟ್‌ನಲ್ಲಿ (ಸರ್ವೀಸ್‌ನ ಸೆಟ್ಟಿಂಗ್ ಫೈಲ್) ಒಂದು ಸಾಲು. ಅಪ್ಲಿಕೇಶನ್ ಅದನ್ನು ಕ್ರೆಡೆನ್ಶಿಯಲ್ಸ್_ಡೈರೆಕ್ಟರಿ ವೇರಿಯಬಲ್ ತೋರಿಸುವ ಜಾಗದಿಂದ ಓದುತ್ತದೆ, ಬೇರೆ ಯೂಸರ್‌ಗಳಿಗೆ ಕಾಣುವುದಿಲ್ಲ. ನಾನಾದರೆ ಪಿಐಡಿ 1 ಮುಟ್ಟುವ ಮೊದಲು ಇದು ಸಾಲದೇ ಅಂತ ಕೇಳಿಕೊಳ್ಳುತ್ತೇನೆ.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದ. ಟಿಪಿಎಂ ಇಲ್ಲ. ಬ್ಯಾಕಪ್ ಹೊರಗಿನ ಸ್ಟೋರೇಜ್‌ಗೆ ಹೋಗುವುದರಿಂದ ಎನ್‌ಕ್ರಿಪ್ಟ್ ಮಾಡಿರುವುದೇ ಬೇಕಾಗಿದೆ. ಟೆಸ್ಟ್ ಮಷೀನ್‌ನಲ್ಲಿ ಬಿಲ್ಡ್ ಆಯಿತು, ಆದರೆ ಸಿಮ್ಯುಲೇಟ್ ಮಾಡಿದರೆ ಆಪ್ಟ್ 32-ಬಿಟ್ ಪ್ಯಾಕೇಜ್‌ಗಳನ್ನೆಲ್ಲ ತೆಗೆಯುತ್ತೇನೆ ಅನ್ನುತ್ತಿದೆ. ಒಂದು ಹಳೆಯ 32-ಬಿಟ್ ಪ್ರೋಗ್ರಾಮ್‌ಗೆ ಅವು ಬೇಕೇ ಬೇಕು.

ಉತ್ತರ 1

ಲಿಬ್‌ಸಿಸ್ಟಮ್‌ಡಿ0, ಲಿಬ್‌ಯುಡೆವ್1 ಎರಡೂ ಮಲ್ಟಿ-ಆರ್ಚ್: ಸೇಮ್. ಅಂದರೆ 64 ಮತ್ತು 32 ಬಿಟ್ ಪ್ರತಿಗಳ ವರ್ಶನ್ ಅಕ್ಷರಶಃ ಒಂದೇ ಇರಬೇಕು. ನೀವು 64 ಮಾತ್ರ ಕಟ್ಟಿದ್ದೀರಿ, ಅದಕ್ಕೇ ಹಳೆಯ 32 ಬಿಟ್ ಪ್ರತಿಯನ್ನೂ ಅದನ್ನು ನಂಬಿದ ಡಿ-ಬಸ್ ಲೈಬ್ರರಿಯನ್ನೂ ಹೊರಗೆ ಹಾಕುತ್ತಿದೆ.

ಐ386ರ (32-ಬಿಟ್) ಇನ್ನೊಂದು ಕ್ರೂಟ್ ಮಾಡಿ, ಅದೇ ಡಿಎಸ್‌ಸಿ (ಸೋರ್ಸ್ ಪ್ಯಾಕೇಜಿನ ವಿವರ) ಫೈಲ್‌ನಿಂದ ಬಿಲ್ಡ್ ಮಾಡಿ. ಡಿಸಿಎಚ್ ಎರಡನೇ ಸಲ ಓಡಿಸಬೇಡಿ. ಎರಡೂ ಪ್ರತಿಗಳ ಚೇಂಜ್‌ಲಾಗ್ ಒಂದೇ ಜಾಗದಲ್ಲಿ ಕೂರುತ್ತದೆ, ತಾರೀಖು ಬೇರೆಯಾದರೂ ಸಾಕು, ಡಿಪಿಕೆಜಿ ಫೈಲ್ ತಾಳೆಯಾಗುತ್ತಿಲ್ಲ ಅಂತ ನಿರಾಕರಿಸುತ್ತದೆ. ಆ ಬಿಲ್ಡ್‌ನಿಂದ ಬೇಕಾದದ್ದು ಈ ಎರಡು ಲೈಬ್ರರಿ ಮಾತ್ರ, ಅವನ್ನೂ ಅದೇ ಆಪ್ಟ್ ಕಮಾಂಡ್‌ಗೆ ಸೇರಿಸಿ.

ಬ್ಯಾಕಪ್‌ನ ಮಾತು ಬಂದಿದ್ದರಿಂದ: ಕ್ರೆಡೆನ್ಶಿಯಲ್.ಸೀಕ್ರೆಟ್ ಫೈಲನ್ನು ಆ ಬ್ಯಾಕಪ್‌ನಿಂದ ಹೊರಗಿಡಿ, ಆದರೆ ಬೇರೆ ಸುರಕ್ಷಿತ ಜಾಗದಲ್ಲಿ ಒಂದು ಪ್ರತಿ ಇರಲಿ. ಅದು ಕಳೆದರೆ ಎನ್‌ಕ್ರಿಪ್ಟ್ ಮಾಡಿದ್ದು ಯಾವುದೂ ಬಿಚ್ಚದು. ಎನ್‌ಕ್ರಿಪ್ಟ್ ಮಾಡುವಾಗ ಕೊಟ್ಟ ಹೆಸರೂ ಯೂನಿಟ್‌ನಲ್ಲಿ ಬರೆದ ಹೆಸರೂ ಒಂದೇ ಇರಬೇಕು. ಹೆಸರು ಫೈಲ್‌ನೊಳಗೇ ಸೇರಿರುತ್ತದೆ, ಹೊಂದದಿದ್ದರೆ ಸರ್ವೀಸ್ ಶುರುವಾಗುವುದಿಲ್ಲ.