ಯೇಹುವಿನ ಹುರುಪು ನಿಜವಾದ ಭಕ್ತೀನಾ, ಅಧಿಕಾರದ ಆಸೇನಾ?

ಓದುಗೆಳತಿ:
ನಮ್ಮ ಬೈಬಲ್ ಸ್ಟಡಿ ಗ್ರೂಪಲ್ಲಿ 2 ಅರಸುಗಳು ಓದ್ತಾ 10ನೇ ಅಧ್ಯಾಯಕ್ಕೆ ಬಂದು ಸಿಕ್ಕಾಕೊಂಡಿದೀವಿ. ಅಹಾಬ ರಾಜನ ಮನೆತನವನ್ನ ಉರುಳಿಸಿ ಇಸ್ರಾಯೇಲಿನ ರಾಜನಾದ ಯೇಹು, ರೇಕಾಬನ ಮಗ ಯೆಹೋನಾದಾಬನಿಗೆ ಕೈ ಕೊಟ್ಟು ರಥ ಹತ್ತಿಸ್ಕೊಂಡು, ಬಾ, ಯೆಹೋವನ ವಿಷಯದಲ್ಲಿ ನನಗೆಷ್ಟು ಹುರುಪಿದೆ ನೋಡು ಅಂತಾನೆ. ಅಷ್ಟೊತ್ತಿಗಾಗ್ಲೇ ಅಹಾಬನ 70 ಜನ ಗಂಡುಮಕ್ಕಳ ತಲೆ ಬುಟ್ಟೀಲಿ ಇಜ್ರೇಲಿಗೆ ಬಂದಾಗಿದೆ, ಆಮೇಲೆ ನಾನೂ ಬಾಳನ (ಅಹಾಬನ ಮನೆಯವರು ಪೂಜಿಸ್ತಿದ್ದ ಅನ್ಯದೇವರು) ಭಕ್ತ ಅಂತ ಸುಳ್ಳು ಹೇಳಿ ಬಾಳನ ಭಕ್ತರೆಲ್ರನ್ನೂ ಗುಡಿಯೊಳಗೆ ಸೇರಿಸಿ, ಹೊರಗೆ 80 ಜನರನ್ನ ಕಾವಲಿಟ್ಟು ಕೊಲ್ಲಿಸ್ತಾನೆ. 30ನೇ ವಚನದಲ್ಲಿ ದೇವರು ಒಳ್ಳೇದು ಮಾಡ್ದೆ, ನಾಲ್ಕು ತಲೆಮಾರು ನಿನ್ನ ವಂಶದವರೇ ಆಳ್ತಾರೆ ಅಂತಾನೆ. ಆದ್ರೆ ಹೋಶೇಯನ ಪುಸ್ತಕದ ಮೊದಲನೇ ಅಧ್ಯಾಯದಲ್ಲೇ ಇಜ್ರೇಲಿನ ರಕ್ತಕ್ಕಾಗಿ ಯೇಹುವಿನ ಮನೆತನಕ್ಕೆ ಶಿಕ್ಷೆ ಅಂತಿದೆ! ಹಾಗಾದ್ರೆ ಇವನು ನಂಬಿಗಸ್ತ ನಾಯಕನಾ ಅಲ್ವಾ? ಗ್ರೂಪಲ್ಲಿ ಹುಡುಗ್ರು ಕೇಳ್ತಿದಾರೆ, ನನಗೆ ಸುಮ್ನೆ ಏನೋ ಹೇಳಿ ಸಾಗಹಾಕೋಕೆ ಮನಸಿಲ್ಲ.

ಹಳೇಪುಟ:
30ರ ಜೊತೆ 29 ಮತ್ತು 31 ಸೇರಿಸಿ ಓದಿ. ಬಾಳನ ಗುಡಿ ಕೆಡವಿದ, ಆದ್ರೆ ಬೇತೇಲ್ ಮತ್ತು ದಾನ್‌ನಲ್ಲಿದ್ದ ಬಂಗಾರದ ಬಸವಗಳನ್ನ ಮುಟ್ಟಲೇ ಇಲ್ಲ. ಯಾಕೆ ಅಂತ ತಿಳ್ಕೋಬೇಕಂದ್ರೆ 1 ಅರಸುಗಳು 12ಕ್ಕೆ ಹೋಗ್ಬೇಕು. ಜನ ಯಜ್ಞಕ್ಕೆ ಅಂತ ಯೆರೂಸಲೇಮಿಗೆ ಹೋಗ್ತಾ ಇದ್ರೆ ಅವರ ಮನಸ್ಸು ಅಲ್ಲಿ ಆಳ್ತಿದ್ದ ದಾವೀದನ ಮನೆತನದ ಕಡೆ ತಿರುಗುತ್ತೆ, ನನ್ನ ಕೊಂದೇಬಿಡ್ತಾರೆ ಅಂತ ಹೆದರಿ, ರಾಜ್ಯ ಎರಡಾದಾಗ ಉತ್ತರದ ಇಸ್ರಾಯೇಲಿಗೆ ಮೊದಲ ರಾಜನಾದ ಯಾರೊಬ್ಬಾಮ ಮಾಡಿಸಿದ್ದು ಆ ಬಸವಗಳನ್ನ. ಅಂದ್ರೆ ಅವು ಉತ್ತರದ ರಾಜನ ಸಿಂಹಾಸನಕ್ಕೆ ಕಾವಲು. ಬಾಳನ ಪೂಜೆ ಅಹಾಬನ ಮನೆಗೆ ಅಂಟ್ಕೊಂಡಿದ್ದು, ಅದನ್ನ ಕಿತ್ರೆ ಯೇಹುಗೆ ಲಾಭ, ಬಸವಗಳನ್ನ ಕಿತ್ರೆ ಅವನದೇ ಕುರ್ಚಿ ಅಲ್ಲಾಡುತ್ತೆ. ತನಗೆ ನಷ್ಟ ಆಗೋ ಜಾಗ ಬಂದ ತಕ್ಷಣ ಅವನ ಹುರುಪು ನಿಂತೋಯ್ತು, ನನಗೆ ಕಾಣೋದು ಇಷ್ಟೇ.

ಇನ್ನೊಂದು ವಿಷಯ. 1846ರಲ್ಲಿ ನಿಮ್ರೂದ್‌ನಲ್ಲಿ ಸಿಕ್ಕ ಕಪ್ಪು ಸ್ತಂಭ ಈಗ ಬ್ರಿಟಿಷ್ ಮ್ಯೂಸಿಯಮ್ಮಲ್ಲಿದೆ, ಅದರಲ್ಲಿ ಅಶ್ಶೂರದ ರಾಜ 3ನೇ ಶಲ್ಮನೇಸರನ ಮುಂದೆ ಒಬ್ಬ ಹಣೆ ನೆಲಕ್ಕೆ ಹಚ್ಚಿ ಬಿದ್ದಿದಾನೆ, ಮೇಲೆ ಕೆತ್ತಿರೋದು ಯೇಹುವಿನ ಕಾಣಿಕೆ ಅಂತ. ಬಿದ್ದಿರೋದು ಯೇಹುನೋ ಅವನ ದೂತನೋ ಅಂತ ವಿದ್ವಾಂಸರಲ್ಲಿ ಚರ್ಚೆ ಇದೆ. ಬೈಬಲ್ಲಿನಲ್ಲಿ ಇದರ ಸುದ್ದಿನೇ ಇಲ್ಲ.

ಗಿರಿಧ್ವನಿ:
ಮೇಲಿನವರು ಹೇಳಿದ್ದು ಒಪ್ತೀನಿ, ಆದ್ರೆ ರಕ್ತ ಹರಿಸಿದವರೆಲ್ಲ ಸ್ವಾರ್ಥಿಗಳು ಅಂತ ಆಗ್ಬಾರ್ದು, ಯಾಕಂದ್ರೆ ಅರಣ್ಯಕಾಂಡ 25ರಲ್ಲಿ ಯಾಜಕ ಫೀನೆಹಾಸ ಈಟಿ ಹಿಡಿದು, ಇಸ್ರಾಯೇಲ್ಯ ಜಿಮ್ರಿ ಮತ್ತು ಅವನು ಪಾಳೆಯಕ್ಕೆ ಕರ್ಕೊಂಡು ಬಂದಿದ್ದ ಮಿದ್ಯಾನ್ ಹೆಂಗಸು ಕೊಜ್ಬೀ ಇಬ್ಬರನ್ನೂ ತಿವಿದಾಗ 24,000 ಜನರನ್ನ ಬಲಿ ತಗೊಂಡಿದ್ದ ವ್ಯಾಧಿ ನಿಂತಿತು, ದೇವರು ಅವನಿಗೆ ಸಮಾಧಾನದ ಒಡಂಬಡಿಕೆ ಕೊಟ್ಟ. ಇದನ್ನ ಓದೋಕೆ ಕಷ್ಟ ಆಗುತ್ತೆ, ನನಗೂ ಆಗುತ್ತೆ.

ಆದ್ರೆ ತುಂಬ ಜನ ಅಲ್ಲಿಗೇ ಪುಸ್ತಕ ಮುಚ್ತಾರೆ. ಯೆಹೋಶುವ 22 ಓದಿ ನೋಡಿ ದಯವಿಟ್ಟು. ಯೊರ್ದನಿನ ಹತ್ರ ರೂಬೇನ್, ಗಾದ್, ಮನಸ್ಸೆಯ ಅರ್ಧ ಕುಲದವರು ದೊಡ್ಡ ಬಲಿಪೀಠ ಕಟ್ಟಿದಾರೆ ಅಂತ ಗೊತ್ತಾಗಿ ಉಳಿದ ಇಸ್ರಾಯೇಲ್ಯರೆಲ್ಲ ಯುದ್ಧಕ್ಕೆ ರೆಡಿ ಆಗ್ತಾರೆ. ಮೊದಲು ಹೋಗಿ ಕೇಳ್ಕೊಂಡು ಬರೋಕೆ ಕಳ್ಸೋದು ಯಾರನ್ನ? ಇದೇ ಫೀನೆಹಾಸನನ್ನ, ಜೊತೆಗೆ ಹತ್ತು ಜನ ಮುಖ್ಯಸ್ಥರು. ಬಲಿಪೀಠ ಕಟ್ಟಿದವರು ಹೇಳ್ತಾರೆ, ಇದು ಯಜ್ಞಕ್ಕಲ್ಲ, ಮುಂದೆ ನಿಮ್ಮ ಮಕ್ಕಳು ನಮ್ಮ ಮಕ್ಕಳಿಗೆ ಯೆಹೋವನಲ್ಲಿ ನಿಮಗೆ ಪಾಲಿಲ್ಲ ಅನ್ನಬಾರ್ದು ಅಂತ ಸಾಕ್ಷಿಗೆ ಕಟ್ಟಿದ್ದು. ಫೀನೆಹಾಸ ಕೇಳಿಸ್ಕೊಂಡ, ಒಪ್ಕೊಂಡ, ವಾಪಸ್ ಬಂದು ವರದಿ ಒಪ್ಪಿಸಿದ, ಯುದ್ಧದ ಮಾತೇ ಬಿಟ್ಟುಹೋಯ್ತು. ಈಟಿ ಹಿಡಿದವನಿಗೆ ಕಿವಿನೂ ಇತ್ತು. ಯೇಹು ಯಾರ ಮಾತನ್ನಾದ್ರೂ ಕೂತು ಕೇಳಿದ ಒಂದು ಸಂದರ್ಭ ಹುಡುಕಿ ನೋಡಿ.

ಮೌನಿ:
ಇಸ್ರಾಯೇಲಿನ ಮೊದಲ ರಾಜ ಸೌಲನನ್ನ ಮರೀಬೇಡಿ. 2 ಸಮುವೇಲ 21. ಇಸ್ರಾಯೇಲ್ ಯೆಹೂದದ ಮೇಲಿನ ಅಭಿಮಾನದಿಂದಲೇ ಇಸ್ರಾಯೇಲ್ಯರ ನಡುವೆ ಇದ್ದ ಬೇರೆ ಜನಾಂಗದ ಗಿಬ್ಯೋನ್ಯರನ್ನ ಅಳಿಸೋಕೆ ಹೋದ ಅಂತ ಬರೆದಿದೆ, ಯೆಹೋಶುವನ ಕಾಲದಲ್ಲಿ ಅವರಿಗೆ ಕೊಲ್ಲಲ್ಲ ಅಂತ ಆಣೆ ಇಟ್ಟು ಮಾತು ಕೊಟ್ಟಿದ್ರೂ. ಆ ತಪ್ಪಿಗೆ ಸೌಲ ಸತ್ತ ಮೇಲೆ ಮೂರು ವರ್ಷ ಬರಗಾಲ, ಅವನ ವಂಶದ ಏಳು ಜನರ ಸಾವು. ಅದರಲ್ಲಿ ಇಬ್ಬರು ಸೌಲನ ಉಪಪತ್ನಿ ರಿಚ್ಪಳ ಮಕ್ಕಳು. ಆ ತಾಯಿ ಬಂಡೆ ಮೇಲೆ ಗೋಣಿತಟ್ಟು ಹಾಸ್ಕೊಂಡು, ಸುಗ್ಗಿ ಶುರುವಾದಾಗಿಂದ ಮಳೆ ಬೀಳೋ ತನಕ, ಹಗಲು ಹಕ್ಕಿ ರಾತ್ರಿ ಕಾಡುಮೃಗ ಹತ್ರ ಬರದ ಹಾಗೆ ಹೆಣ ಕಾದಳು. ನಾಯಕನ ಆವೇಶದ ಬೆಲೆ ಕಟ್ಟಿದ್ದು ಅವಳು. ಹುಡುಗ್ರಿಗೆ ಈ ಅಧ್ಯಾಯ ಖಂಡಿತ ಓದಿಸಿ.

ಓದುಗೆಳತಿ:
ಯೆಹೋಶುವ 22 ಈ ದೃಷ್ಟೀಲಿ ಓದಿರ್ಲೇ ಇಲ್ಲ, ಥ್ಯಾಂಕ್ಸ್. ಹಾಗಾದ್ರೆ ಮುಂದೆ ಯೆಹೂದದ ರಾಜನಾದ ಯೋಷೀಯ? ಅವನೂ ಪೂಜಾಸ್ಥಳ ಕೆಡವಿದ, ಸಮಾರ್ಯದಲ್ಲಿ ಪೂಜಾರಿಗಳನ್ನ ಕೊಂದ. ಯೇಹುಗೂ ಅವನಿಗೂ ಏನು ವ್ಯತ್ಯಾಸ?

ಹಳೇಪುಟ:
ಕ್ರಮ ನೋಡಿ. ಆಳ್ವಿಕೆಯ 18ನೇ ವರ್ಷ ಮಹಾಯಾಜಕ ಹಿಲ್ಕೀಯನಿಗೆ ದೇವಾಲಯದಲ್ಲಿ ಸಿಕ್ಕ ಧರ್ಮಶಾಸ್ತ್ರವನ್ನ ಲೇಖಕ ಶಾಫಾನ ಓದಿದಾಗ ಯೋಷೀಯ ಮೊದಲು ಹರಿದಿದ್ದು ತನ್ನ ಬಟ್ಟೆ. ಆಮೇಲೆ ಪ್ರವಾದಿನಿ ಹುಲ್ದಳ ಹತ್ರ ಜನ ಕಳಿಸಿ ಕೇಳಿದ. ಅವಳು ಸಿಹಿ ಸುದ್ದಿ ಏನೂ ಕೊಡ್ಲಿಲ್ಲ, ಈ ಊರಿಗೆ ಕೇಡು ಬಂದೇ ಬರುತ್ತೆ, ನಿನ್ನ ಕಣ್ಣಿಗೆ ಮಾತ್ರ ಬೀಳಲ್ಲ ಅಂದಳು. ಯೇಹುಗೆ ಸಿಂಹಾಸನ ಸಿಕ್ತು, ನಾಲ್ಕು ತಲೆಮಾರಿನ ಗ್ಯಾರಂಟಿನೂ ಸಿಕ್ತು. ಯೋಷೀಯ ಮಾತ್ರ ರಾಜ್ಯ ಉಳಿಯಲ್ಲ ಅಂತ ಗೊತ್ತಿದ್ದೂ ಜನರನ್ನೆಲ್ಲ ಸೇರಿಸಿ ಒಡಂಬಡಿಕೆ ಮಾಡ್ದ, ಯಾರೊಬ್ಬಾಮನ ಬೇತೇಲಿನ ಬಲಿಪೀಠವನ್ನೂ ಕೆಡವಿದ. ಯೇಹು ಕೈ ಹಾಕದೆ ಬಿಟ್ಟಿದ್ದು ಅದೇ ಬೇತೇಲನ್ನ. ಸಮಾರ್ಯದ ಪೂಜಾರಿಗಳ ಸಾವನ್ನ ನಾನು ಸಮರ್ಥಿಸ್ತಿಲ್ಲ, ಅದು ಭಾರವಾದ ವಚನ, ಹಾಗೇ ಭಾರವಾಗಿ ಓದಿ.