ತುರ್ತು: ‘ಪ್ರೋಗ್ರೆಸಿವ್’ ಕಾಯಿಲೆಗೆ ಕನ್ನಡದಲ್ಲಿ ಏನು?

ಕೇಳಿದವರು, ಹುಬ್ಬಳ್ಳಿ:
ಪಲ್ಮನರಿ ಫೈಬ್ರೋಸಿಸ್ ರೋಗಿಗಳಿಗೆ ಕೊಡುವ ಕರಪತ್ರ ನಾಳೆ ಪ್ರೆಸ್ಸಿಗೆ ಹೋಗಬೇಕು. ಕರಡಿನಲ್ಲಿ ‘ಪ್ರಗತಿಶೀಲ ಶ್ವಾಸಕೋಶ ರೋಗ’ ಅಂತಿದೆ. ಓದಿಸಿ ನೋಡಿದಾಗ ಹಾವೇರಿ ಕಡೆಯ ರೋಗಿಯೊಬ್ಬರ ಮಗ, ‘ಪ್ರಗತಿ ಅಂದ್ರ ಅಪ್ಪಾಗ ಆರಾಮ ಆಗಾಕತ್ತೈತಿ ಅಂದಂಗಾತಲ್ರೀ?’ ಅಂದ. ಶ್ವಾಸಕೋಶ ಬರಬರುತ್ತ ಗಡುಸಾಗುತ್ತದೆ, ಮೊದಲಿನಂತಾಗುವುದಿಲ್ಲ. ಪಿರ್ಫೆನಿಡೋನ್, ನಿಂಟೆಡಾನಿಬ್ ಎಂಬ ಔಷಧಿಗಳು ಅದರ ವೇಗ ತಗ್ಗಿಸುತ್ತವೆ, ಗುಣಪಡಿಸುವುದಿಲ್ಲ. ಇಷ್ಟು ತಿಳಿಯಬೇಕು. ‘ಉಲ್ಬಣಶೀಲ’ ನಡೆದೀತೆ?

ಧಾರವಾಡದಿಂದ:
ನಡೆಯದು. ಉಲ್ಬಣ ಅಂದರೆ ಒಮ್ಮೆಲೇ ಏರಿದ್ದು. ಈ ರೋಗದಲ್ಲಿ ಕೆಲವೇ ದಿನಗಳಲ್ಲಿ ದಮ್ಮು ಏರಿ ಆಸ್ಪತ್ರೆ ಸೇರುವುದೂ ಉಂಟು. ಆ ಪದ ಅದಕ್ಕಿರಲಿ. ‘ಪ್ರಗತಿಶೀಲ’ವನ್ನು ಅ.ನ.ಕೃ. ಕಾಲದ ಸಾಹಿತ್ಯಕ್ಕೆ ಬಿಡಿ. ನಮ್ಮಲ್ಲಿ ಜಡ್ಡು ‘ಬಲಿತೈತಿ’ ಅನ್ನುತ್ತಾರೆ. ‘ಬಲಿಯುವ ರೋಗ’. ಮುಗಿಯಿತು. ಅಚ್ಚ ದ್ರಾವಿಡ ಧಾತು. ತಮಿಳಿನ ವಲಿ, ವಲಿಮೈ ನೋಡಿ. ಸಂಸ್ಕೃತದ ‘ಬಲ’ವೇ ನಮ್ಮಿಂದ ಹೋದದ್ದು ಅಂತ ನನ್ನ ವಾದ. ಬೇರೆಯಾಗಿ ಬರೆಯುತ್ತೇನೆ.

ಗದಗದಿಂದ:
ಬರೀಬ್ಯಾಡ್ರಿ. ಬದನಿಕಾಯಿ ಬಲೀತೈತಿ, ಖರೆ. ಆದರ ದಪ್ಪ ಅಕ್ಷರದಾಗ ‘ಬಲಿಯುವ ರೋಗ’ ಅಂತ ಹಾಕಿದ್ರ ರೋಗಿ ಕಣ್ಣಿಗೆ ಮೊದಲು ಬೀಳೂದು ‘ಬಲಿ’. ಧಾತು ತಗೊಂಡು ಅವಗೇನು ಮಾಡೂದೈತಿ? ಗುಣವಾಚಕನ ಯಾಕ ಬೇಕು? ಕ್ರಿಯಾಪದ ಹಾಕ್ರಿ: ‘ಈ ಜಡ್ಡು ಬರಬರತಾ ಹೆಚ್ಚಾಗತೈತಿ. ಗುಳಿಗಿ ತಗೊಂಡ್ರ ಹೆಚ್ಚಾಗೂದು ನಿಧಾನ ಆಗತೈತಿ, ಪೂರ್ತಿ ಹೋಗೂದಿಲ್ಲ.’ ತಿಳಿಸಿ ಹೇಳೂ ಡಾಕ್ಟರು ಬಾಯಿಲೆ ಹೇಳೂದೂ ಹಿಂಗ.
ಮತ್ತ, ಅಚ್ಚ ದ್ರಾವಿಡ ಅನ್ನಾವ್ರು ನೀವೇ ‘ದಮ್ಮು’ ಬರದೀರಿ. ಅದು ಪಾರಸಿ.

ಧಾರವಾಡದಿಂದ:
ದಮ್ಮು ಬಂದು ಶತಮಾನಗಳಾದವು, ನಮ್ಮದೇ ಆಗಿದೆ. ನನ್ನ ತಕರಾರು ಇಂಗ್ಲಿಷಿನ ಮೇಲೆ. ಕರಡಿನಲ್ಲಿ ‘ಆಕ್ಸಿಜನ್’ ಅಂತಲೇ ಬಿಟ್ಟಿರುತ್ತೀರಿ, ಬಲ್ಲೆ. ಆಮ್ಲಜನಕಕ್ಕೆ ಏನಾಗಿದೆ?

ಗದಗದಿಂದ:
ಎಲ್ಲಾ ಆಮ್ಲಕ್ಕೂ ಅದೇ ಮೂಲ ಅಂತ ಫ್ರಾನ್ಸಿನ ವಿಜ್ಞಾನಿ ಲಾವಾಸಿಯೆ ತಪ್ಪು ತಿಳಕೊಂಡು ಇಟ್ಟ ಹೆಸರು ಅದು. ನಾವು ತಪ್ಪಿನ ಸಮೇತ ಭಾಷಾಂತರ ಮಾಡಿಕೊಂಡ್ವಿ. 2021ರ ಕೋವಿಡ್‌ದಾಗ ಹಳ್ಳಿಹಳ್ಳಿಗೂ ‘ಆಕ್ಸಿಜನ್’ ಗೊತ್ತಾಗೇತಿ. ಬಿಡ್ರಿ.

ಕೇಳಿದವರು:
ಗದಗದವರ ವಾಕ್ಯ ತೆಗೆದುಕೊಂಡೆ, ಆಕ್ಸಿಜನ್ನೂ ಉಳಿಸಿದೆ. ಇನ್ನೊಂದು. ‘ಆಕ್ಸಿಜನ್ ಹಚ್ಚಿದ್ರು ಅಂದ್ರ ಮುಗೀತು’ ಅಂತ ಮನೆಯವರು ಹೆದರುತ್ತಾರೆ. ಅದನ್ನು ಹಚ್ಚಿಕೊಂಡೇ ಮನೆಯಲ್ಲಿ ಓಡಾಡಬಹುದು, ಉಣ್ಣಬಹುದು ಅಂತ ಬರೆಯಬೇಕು. ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಕಾನ್ಸಂಟ್ರೇಟರಿಗೆ ‘ಸಾಂದ್ರಕ’ ಹಾಕಲೆ?

ಧಾರವಾಡದಿಂದ:
ಸಾಂದ್ರಕ ಯಾರಿಗೆ ತಿಳಿಯುತ್ತದೆ? ‘ಆಕ್ಸಿಜನ್ ಮಷಿನ್’ ಅಂತ ಬರೆಯಿರಿ. ಇನ್ನೇನು ಉಳಿದಿದೆ.